ಹಳೆ ಮನೆಯ ಕಿಟಕಿಯಿಂದ ನುಗ್ಗುವ ಸದ್ದು: ದೋಷ ಪತ್ತೆ ಮತ್ತು ದುರಸ್ತಿ

ಹೊರಗಿನ ಗದ್ದಲ ತಾಳಲಾಗದೆ ಹೋದಾಗ ಹೆಚ್ಚಿನವರು ಮೊದಲು ಬದಲಿಸುವುದು ಗಾಜನ್ನು. ದಪ್ಪ ಗಾಜು ಬರುತ್ತದೆ, ಕೆಲವೊಮ್ಮೆ ಜೋಡಿ ಗಾಜೂ ಬರುತ್ತದೆ, ಸದ್ದು ಮಾತ್ರ ಮೊದಲಿದ್ದಷ್ಟೇ ಇರುತ್ತದೆ. ಹಳೆ ಕಿಟಕಿಗಳಲ್ಲಿ ಇದು ಪದೇ ಪದೇ ಆಗುವ ತಪ್ಪು. ಗಾಳಿ ನುಸುಳುವ ಸಂದು ಹಾಗೇ ಉಳಿದಿದ್ದರೆ ಗಾಜು ಎಷ್ಟು ದಪ್ಪವಾದರೂ ಪ್ರಯೋಜನವಿಲ್ಲ.

ಲೆಕ್ಕ ಹಾಕಿ ನೋಡಿ. 1.2 ಮೀಟರ್ ಅಗಲ, 1.2 ಮೀಟರ್ ಎತ್ತರದ ಕಿಟಕಿಯ ಸುತ್ತಳತೆ 4.8 ಮೀಟರ್. ಸುತ್ತಲೂ ಬರೀ 1 ಮಿ.ಮೀ. ಸಂದು ಬಿಟ್ಟಿದ್ದರೆ ಒಟ್ಟು 48 ಚದರ ಸೆಂ.ಮೀ. ತೂತಾಯಿತು, ಅಂದರೆ ಕಿಟಕಿಯ ಶೇ. 0.33 ಭಾಗ. ಅಷ್ಟು ತೆರೆದಿದ್ದರೂ ಸಾಕು, ಆ ಕಿಟಕಿ ತಡೆಯಬಲ್ಲ ಸದ್ದು ಸುಮಾರು 25 ಡೆಸಿಬೆಲ್‌ಗೆ ನಿಂತುಬಿಡುತ್ತದೆ. ಬಿಗಿಯಾಗಿ ಕೂತ 4 ಮಿ.ಮೀ. ಸಾದಾ ಗಾಜು ಸುಮಾರು 29 ಡೆಸಿಬೆಲ್ ತಡೆಯಬಲ್ಲದು. ಅಂದರೆ ಈಗಿರುವ ಗಾಜಿನ ಶಕ್ತಿಯೇ ಪೂರ್ತಿ ಬಳಕೆಯಾಗುತ್ತಿಲ್ಲ. ಸಂದು ಮುಚ್ಚದೆ ದಪ್ಪ ಗಾಜಿಗೆ ಹಣ ಹಾಕಿದರೆ ಅದು ವ್ಯರ್ಥ.

ಅಂಕಿಗಳನ್ನು ಕಿವಿಯ ಭಾಷೆಗೆ ತರುವುದಾದರೆ, 3 ಡೆಸಿಬೆಲ್ ಇಳಿದದ್ದು ಕಿವಿಗೊಟ್ಟು ಕೇಳಿದರಷ್ಟೇ ಗೊತ್ತಾಗುತ್ತದೆ. 10 ಡೆಸಿಬೆಲ್ ಇಳಿದರೆ ಸದ್ದು ಅರ್ಧಕ್ಕೆ ಬಂದಂತೆ ಅನಿಸುತ್ತದೆ. ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಮೊದಲು ಸಂದು, ಆಮೇಲೆ ಅದುರುವ ಭಾಗ, ಅದಾದ ಮೇಲೆ ಗಾಜಿನ ತೂಕ, ಕೊನೆಗೆ ಒಳಬದಿಗೆ ಎರಡನೇ ಕಿಟಕಿ. ಒಂದೊಂದು ಹಂತ ಮುಗಿದಾಗಲೂ ನಿಂತು ಕೇಳಿ. ಎಷ್ಟೋ ಮನೆಗಳಲ್ಲಿ ಎರಡನೇ ಹಂತಕ್ಕೇ ಕೆಲಸ ಮುಗಿಯುತ್ತದೆ.

ಸದ್ದು ಬರುತ್ತಿರುವುದು ಕಿಟಕಿಯಿಂದಲೇ?

ಇದನ್ನು ಊಹೆಯ ಮೇಲೆ ತೀರ್ಮಾನಿಸಬೇಡಿ. ಕಿಟಕಿ ಗೂಡಿಗಿಂತ ಸುತ್ತಲೂ 5 ಸೆಂ.ಮೀ. ದೊಡ್ಡದಾದ 18 ಮಿ.ಮೀ. ಪ್ಲೈವುಡ್ ಹಲಗೆ ತನ್ನಿ. ಒಳಬದಿಯಿಂದ ಗೋಡೆಗೆ ಆನಿಸಿ, ಹಲಗೆಗೂ ಗೋಡೆಗೂ ನಡುವೆ ಮಡಿಸಿದ ಕಂಬಳಿಯ ಅಂಚು ಸಿಕ್ಕಿಸಿ ಒತ್ತಿ ನಿಲ್ಲಿಸಿ, ಅಂಚಿಗೆಲ್ಲ ಅಗಲ ಟೇಪ್ ಅಂಟಿಸಿ. ಈ ಹಲಗೆ ಚದರ ಮೀಟರಿಗೆ ಸುಮಾರು 11 ಕೆ.ಜಿ. ತೂಗುತ್ತದೆ, 4 ಮಿ.ಮೀ. ಗಾಜಿಗಿಂತ ತುಸು ಹೆಚ್ಚು. ಸದ್ದು ಸ್ಪಷ್ಟವಾಗಿ ಇಳಿದರೆ ಕಿಟಕಿಯೇ ಕಾರಣ. ಹೆಚ್ಚೇನೂ ಇಳಿಯದಿದ್ದರೆ ಕಿಟಕಿಯನ್ನು ಬಿಟ್ಟು ಬೇರೆ ಕಡೆ ಹುಡುಕಿ: ಮೇಲಿನ ವೆಂಟಿಲೇಟರ್, ಎಕ್ಸಾಸ್ಟ್ ಫ್ಯಾನಿನ ತೂತು, ಎಸಿ ಕೊಳವೆ ಹಾಯಿಸಿದ ಜಾಗ, ಹೊರಬಾಗಿಲ ಕೆಳಗಿನ ಸಂದು, ತಗಡು ಅಥವಾ ಹೆಂಚಿನ ಹಗುರ ಮಾಡು.

ಗೋಡೆ ಗಟ್ಟಿಯಾಗಿದ್ದರೂ ಕಿಟಕಿಯೊಂದೇ ಅದರ ಶ್ರಮವನ್ನು ಹಾಳುಮಾಡಬಲ್ಲದು. ಗೋಡೆ 50 ಡೆಸಿಬೆಲ್ ತಡೆಯುತ್ತದೆ, ಅದರ ಶೇ. 15 ಭಾಗವನ್ನು 25 ಡೆಸಿಬೆಲ್ ತಡೆಯುವ ಕಿಟಕಿ ಆಕ್ರಮಿಸಿದೆ ಎಂದುಕೊಳ್ಳಿ. ಎರಡೂ ಸೇರಿ ತಡೆಯುವುದು ಬರೀ 33 ಡೆಸಿಬೆಲ್. ಅದೇ ಕಿಟಕಿಯನ್ನು 35ಕ್ಕೆ ಏರಿಸಿದರೆ ಒಟ್ಟು 43ರ ಹತ್ತಿರ ಬರುತ್ತದೆ. ಗೋಡೆಗೆ ಏನೇ ಮೆತ್ತಿದರೂ ಇಷ್ಟು ಲಾಭ ಸಿಗದು.

ಫೋನಿನ ಸದ್ದು ಅಳೆಯುವ ಆ್ಯಪ್ ಕೊಡುವ ಅಂಕಿ ನಿಖರವಲ್ಲ, ಆದರೆ ಹೋಲಿಕೆಗೆ ಸಾಕು. ಒಂದೇ ಫೋನ್, ಒಂದೇ ಜಾಗ, ದಿನದ ಒಂದೇ ಹೊತ್ತು. ಐದು ನಿಮಿಷದ ಸರಾಸರಿ ತೆಗೆದುಕೊಳ್ಳಿ. ಒಂದು ಲಾರಿ ಹಾದಾಗ ಕಂಡ ಗರಿಷ್ಠ ಅಂಕಿಯನ್ನು ಹಿಡಿದು ತೀರ್ಮಾನಿಸಬೇಡಿ. ಆ್ಯಪ್‌ನಲ್ಲಿ ಎ ಮತ್ತು ಸಿ ಎಂಬ ಎರಡು ಬಗೆಯ ಮಾಪನ ಇದ್ದರೆ ಎರಡನ್ನೂ ಬರೆದಿಡಿ. ಸಿ ಅಂಕಿ ಎ ಅಂಕಿಗಿಂತ 15 ಅಥವಾ ಅದಕ್ಕೂ ಹೆಚ್ಚು ಡೆಸಿಬೆಲ್ ಮೇಲಿದ್ದರೆ ನಿಮ್ಮ ಕಾಟ ಇಂಜಿನ್ ಗುಡುಗಿನಂಥ ತಗ್ಗು ಸ್ವರದ್ದು. ಇದು ಮುಂದೆ ಗಾಜು ಆರಿಸುವಾಗ ಬೇಕಾಗುತ್ತದೆ.

ಸಂದು ಹುಡುಕುವ ನಾಲ್ಕು ಬಗೆ

ರಾತ್ರಿ ಕೋಣೆಯ ದೀಪ ಆರಿಸಿ, ಒಬ್ಬರು ಹೊರಗಿನಿಂದ ಟಾರ್ಚ್ ಬೆಳಕನ್ನು ಚೌಕಟ್ಟಿನ ಉದ್ದಕ್ಕೂ ನಿಧಾನವಾಗಿ ಸರಿಸಲಿ, ಇನ್ನೊಬ್ಬರು ಒಳಗಿನಿಂದ ನೋಡಲಿ. ಬೆಳಕು ಕಂಡಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಕಚ್ಚಿನ (ಬಾಗಿಲು ಅಥವಾ ಗಾಜು ಕೂರಲು ಮರದಲ್ಲಿ ಕೊಯ್ದ ಮೆಟ್ಟಿಲು) ಮೂಲೆಗಳಲ್ಲಿ ಸದ್ದು ತಿರುಗಿ ಬರುತ್ತದೆ, ಬೆಳಕು ಬಾರದು. ಹಾಗಾಗಿ ಈ ಒಂದು ಪರೀಕ್ಷೆಗೇ ನಿಲ್ಲಬೇಡಿ.

ಎರಡನೆಯದು ಕಾಗದ. ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ಕಿಟಕಿಯ ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಚಿಲಕ ಹಾಕಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಒತ್ತಡವಿಲ್ಲ. ಗೇಣಿಗೊಂದರಂತೆ ಸುತ್ತಲೂ ಮಾಡಿ.

ಮೂರನೆಯದಕ್ಕೆ ಒಂದು ಮೀಟರ್ ತೋಟದ ಪೈಪ್ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಸಂದಿನ ಮೇಲೆ. ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಳ್ಳಿ. ಹೊರಗೆ ಒಂದೇ ಸಮ ಸದ್ದು ಇರುವಾಗ ಅಂಚಿನುದ್ದಕ್ಕೂ ಸರಿಸುತ್ತಾ ಹೋದರೆ ಸೋರುವ ಜಾಗದಲ್ಲಿ ಸದ್ದು ಥಟ್ಟನೆ ತೆರೆದುಕೊಳ್ಳುತ್ತದೆ. ನಾಲ್ಕರಲ್ಲಿ ಅತ್ಯಂತ ನಂಬಬಹುದಾದದ್ದು ಇದೇ.

ನಾಲ್ಕನೆಯದು ಮಕ್ಕಳ ಆಟದ ಮೇಣದಂಥ ಜೇಡಿ. ಉದ್ದ ಬತ್ತಿ ಹೊಸೆದು, ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಕಚ್ಚಿನಲ್ಲಿಟ್ಟು ಬಾಗಿಲು ಮುಚ್ಚಿ ತೆರೆಯಿರಿ. ಜೇಡಿ ಎಷ್ಟು ದಪ್ಪಕ್ಕೆ ಅಪ್ಪಚ್ಚಿಯಾಗಿದೆಯೋ ಅಷ್ಟೇ ಸಂದು. ಸ್ಕೇಲಿನಿಂದ ಅಳೆದು ನಾಲ್ಕೂ ಬದಿಯ ಅಂಕಿ ಬರೆದಿಡಿ. ರಬ್ಬರ್ ಪಟ್ಟಿ ಕೊಳ್ಳುವಾಗ ಈ ಅಂಕಿ ಕೈಯಲ್ಲಿರಬೇಕು.

ಲಕ್ಷಣ: ಹಾರ್ನ್, ಮಾತು, ನಾಯಿ ಬೊಗಳುವುದು ಸ್ಪಷ್ಟವಾಗಿ ಕೇಳುತ್ತದೆ

ಹೊರಗಿನವರ ಮಾತಿನ ಪದ ಪದವೂ ತಿಳಿಯುತ್ತಿದ್ದರೆ ಅದು ಸಂದಿನ ಗುರುತು. ಗಾಜು ದಾಟಿ ಬಂದ ಸದ್ದು ಮಂಕಾಗಿರುತ್ತದೆ. ಸಂದಿನಲ್ಲಿ ಬಂದದ್ದು ಚೂಪಾಗಿರುತ್ತದೆ.

ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿನಿಂದ ಶುರುಮಾಡಿ. ಮರ ಒಣಗಿ ಕುಗ್ಗಿ, ಗಾರೆ ಬಿಟ್ಟುಕೊಂಡು, ಮೇಲೆ ಬರೀ ಬಣ್ಣದ ಪದರ ಸೇತುವೆಯಂತೆ ನಿಂತಿರುತ್ತದೆ. ಚಾಕುವಿನ ತುದಿಯಿಂದ ಒತ್ತಿದರೆ ಒಳಗೆ ಪೊಳ್ಳು ಗೊತ್ತಾಗುತ್ತದೆ. ಸಡಿಲ ಗಾರೆಯನ್ನೆಲ್ಲ ಕೆರೆದು ತೆಗೆದು, ಧೂಳು ಹೀರಿಸಿ. 10 ಮಿ.ಮೀ.ಗಿಂತ ಅಗಲವಾದ ಸಂದಿಗೆ ಗಾರೆಯನ್ನೇ ಆಳದವರೆಗೆ ತುಂಬಿ. ಅದಕ್ಕಿಂತ ಕಿರಿದಾದರೆ ಸಂದಿಗಿಂತ ಕಾಲು ಭಾಗ ಹೆಚ್ಚು ದಪ್ಪನೆಯ ಫೋಮ್ ಹಗ್ಗ ಒತ್ತಿ, ಮೇಲೆ ಒಣಗಿದ ಮೇಲೂ ಮೆದುವಾಗಿರುವ ಸೀಲೆಂಟ್ (ಸಂದು ಮುಚ್ಚುವ ಅಂಟು) ಎಳೆಯಿರಿ. ಹಗ್ಗ ಯಾಕೆಂದರೆ, ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟಬೇಕು. ಹಿಂಬದಿಗೂ ಅಂಟಿಕೊಂಡರೆ ಮರ ಹಿಗ್ಗಿ ಕುಗ್ಗುವಾಗ ನಡುವೆ ಹರಿಯುತ್ತದೆ.

ಉಬ್ಬುವ ಸ್ಪ್ರೇ ಫೋಮ್ ಒಂದನ್ನೇ ನಂಬಬೇಡಿ. ಗಾಳಿ ತಡೆಯುತ್ತದೆ ನಿಜ, ಆದರೆ ತೀರಾ ಹಗುರ. ಹಾಕಿದರೂ ಎರಡೂ ಬದಿ ಗಾರೆಯಿಂದ ಮುಚ್ಚಬೇಕು. ಹಳೆ ಚೌಕಟ್ಟಿನಲ್ಲಿ ಅತಿಯಾಗಿ ತುಂಬಿದರೆ ಅದು ಉಬ್ಬಿ ಚೌಕಟ್ಟನ್ನೇ ಒಳಕ್ಕೆ ಬಾಗಿಸುತ್ತದೆ, ಆಮೇಲೆ ಬಾಗಿಲು ಮುಚ್ಚದು.

ಮುಂದೆ ಬಾಗಿಲು ಮತ್ತು ಚೌಕಟ್ಟಿನ ನಡುವೆ. ಇಲ್ಲಿ ಇಪಿಡಿಎಂ (ಬಿಸಿಲು ಮಳೆ ತಾಳುವ ಕೃತಕ ರಬ್ಬರ್) ಅಥವಾ ಸಿಲಿಕಾನ್ ರಬ್ಬರಿನ ಪಟ್ಟಿ ಬೇಕು. ಅಂಗಡಿಗಳಲ್ಲಿ ಸಿಗುವ ಅಂಟು ಸ್ಪಂಜಿನ ಪಟ್ಟಿ ಕೆಲವೇ ತಿಂಗಳಲ್ಲಿ ಅಪ್ಪಚ್ಚಿಯಾಗಿ ಹಾಗೇ ಉಳಿಯುತ್ತದೆ. ಅದರ ರಂಧ್ರಗಳು ತೆರೆದಿರುವುದರಿಂದ ಗಾಳಿಯೂ ಹಾಯುತ್ತದೆ. ಅಳೆದ ಸಂದು 2ರಿಂದ 3 ಮಿ.ಮೀ. ಇದ್ದರೆ ಅಡ್ಡಕೊಯ್ತದಲ್ಲಿ ಇಂಗ್ಲಿಷಿನ ಇ ಅಕ್ಷರದ ಆಕಾರದ ಪಟ್ಟಿ, 3ರಿಂದ 5 ಇದ್ದರೆ ಪಿ, ಅದಕ್ಕೂ ಹೆಚ್ಚಾಗಿ 7ರವರೆಗಿದ್ದರೆ ಪೊಳ್ಳು ಹೊಟ್ಟೆಯ ಡಿ. ಮುಚ್ಚಿದಾಗ ಪಟ್ಟಿ ತನ್ನ ದಪ್ಪದ ಮೂರನೇ ಒಂದರಿಂದ ಅರ್ಧದವರೆಗೆ ಒತ್ತಿಕೊಳ್ಳಬೇಕು. ಕಡಿಮೆ ಒತ್ತಿದರೆ ಸೋರುತ್ತದೆ. ಹೆಚ್ಚು ದಪ್ಪದ್ದು ಹಾಕಿದರೆ ಕೀಲಿನ ಕಡೆ ಬಾಗಿಲು ಎತ್ತಿಕೊಂಡು, ಚಿಲಕದ ಕಡೆ ಮೊದಲಿಲ್ಲದ ಸಂದು ಹೊಸದಾಗಿ ಹುಟ್ಟುತ್ತದೆ. ಸುತ್ತಲೂ ಒಂದೇ ದಪ್ಪದ ಪಟ್ಟಿ ಹಾಕಬೇಕೆಂದಿಲ್ಲ. ನಾಲ್ಕು ಬದಿಯ ಅಂಕಿ ಬೇರೆಯಾದರೆ ಪಟ್ಟಿಯೂ ಬೇರೆಯಾಗಲಿ, ಮೂಲೆಯಲ್ಲಿ ಮಾತ್ರ ಎರಡನ್ನೂ ಓರೆಯಾಗಿ ಕತ್ತರಿಸಿ ತುದಿಗೆ ತುದಿ ಅಂಟಿಸಿ. ಮೂಲೆಯಲ್ಲಿ ಬಿಟ್ಟ 5 ಮಿ.ಮೀ. ಇಡೀ ಶ್ರಮಕ್ಕೆ ಕನ್ನ ಹಾಕುತ್ತದೆ.

ಅಂಟಿಸುವ ಮುನ್ನ ಕಚ್ಚಿನ ಹಳೆ ಬಣ್ಣದ ಗಂಟುಗಳನ್ನು ತೆಗೆಯಬೇಕು. ತುಂಬ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಕೆರೆಯಿರಿ, ಮುಖಗವಸು ಧರಿಸಿ, ಮಕ್ಕಳನ್ನು ಆ ಕೋಣೆಯಿಂದ ದೂರವಿಡಿ, ಕೆರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಎರಡು ಬಾಗಿಲು ಕೂಡುವ ನಡುಗೆರೆಯನ್ನು ಬಹಳ ಜನ ಮರೆಯುತ್ತಾರೆ. ಒಂದು ಬಾಗಿಲಿಗೆ 30 ಮಿ.ಮೀ. ಅಗಲದ ಮರದ ಪಟ್ಟಿ ಹೊಡೆದು, ಅದು ಇನ್ನೊಂದರ ಮೇಲೆ ಬೀಳುವ ಮುಖಕ್ಕೆ ರಬ್ಬರ್ ಅಂಟಿಸಿ. ಮಧ್ಯದಲ್ಲಿ ಒಂದೇ ಚಿಲಕವಿದ್ದರೆ ಬಾಗಿಲ ಮೇಲುತುದಿ ಕೆಳತುದಿ ಎರಡೂ ಹೊರಕ್ಕೆ ಬಾಗಿ ನಿಲ್ಲುತ್ತವೆ. ಮೇಲೊಂದು ಕೆಳಗೊಂದು ಚಿಲಕ ಹಾಕಿದರೆ ರಬ್ಬರ್ ಉದ್ದಕ್ಕೂ ಸಮನಾಗಿ ಒತ್ತುತ್ತದೆ.

ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಉಬ್ಬಿ ಹಿಡಿಯುವ ಬಾಗಿಲನ್ನು ಆಗಲೇ ತೋಪಡ ಹಿಡಿದು ಹೆರೆಸಬೇಡಿ. ಒಣ ಹವೆ ಬಂದಾಗ ಮರ ಕುಗ್ಗಿ ಅಲ್ಲಿ 3–4 ಮಿ.ಮೀ. ಬಾಯಿ ಬಿಡುತ್ತದೆ. ಸಂದು ಅಳೆಯುವುದೂ ರಬ್ಬರ್ ಆರಿಸುವುದೂ ಒಣ ಹವೆಯಲ್ಲೇ ಆಗಲಿ.

ಲಕ್ಷಣ: ಭಾರಿ ವಾಹನ ಹೋದಾಗ ಕಿಟಕಿ ಗಡಗಡ ಅನ್ನುತ್ತದೆ

ಸದ್ದು ಬರುತ್ತಿರುವಾಗ ಗಾಜಿನ ಮಧ್ಯೆ ಅಂಗೈ ಒತ್ತಿ. ನಿಂತರೆ ಗಾಜು ಸಡಿಲ. ನಿಲ್ಲದಿದ್ದರೆ ಬಾಗಿಲ ಅಂಚು ಒತ್ತಿ ನೋಡಿ, ಆಮೇಲೆ ಚಿಲಕದ ಸರಳು, ಕೊಕ್ಕೆ, ಕಬ್ಬಿಣದ ಕಂಬಿಗಳನ್ನು ಒಂದೊಂದಾಗಿ ಹಿಡಿಯಿರಿ. ಯಾವುದನ್ನು ಹಿಡಿದಾಗ ನಿಲ್ಲುತ್ತದೋ ಅದೇ ಕಳ್ಳ.

ಸಡಿಲ ಗಾಜಿಗೆ ಕಾರಣ ಒಣಗಿ ಬಿರಿದ, ಗಾಜು ಕೂರಿಸುವ ಪುಟ್ಟಿ, ಇಲ್ಲವೇ ಮೊಳೆ ಸಡಿಲಗೊಂಡ ಬೀಡಿಂಗ್ (ಗಾಜನ್ನು ಹಿಡಿದಿಡುವ ತೆಳು ಮರದ ಪಟ್ಟಿ). ಬಿರುಕಿನ ಮೇಲೆ ಹೊಸ ಪುಟ್ಟಿ ಸವರಿದರೆ ನಿಲ್ಲುವುದಿಲ್ಲ, ಹಳೆಯದನ್ನು ಪೂರ್ತಿ ತೆಗೆಯಲೇಬೇಕು. ಬಹಳ ಹಳೆಯ ಪುಟ್ಟಿಗಳಲ್ಲಿ ಕೆಲವಕ್ಕೆ ಕಲ್ನಾರು ಬೆರೆಸುತ್ತಿದ್ದುದುಂಟು, ಆದ್ದರಿಂದ ಇದನ್ನೂ ಒದ್ದೆ ಮಾಡಿಯೇ ಕೆರೆಯಿರಿ. ಗಾಜು ತೆಗೆದು ಕಚ್ಚನ್ನು ಒಣಗಿಸಿ, ಬರಿ ಮರಕ್ಕೆ ಪ್ರೈಮರ್ ಅಥವಾ ಅಗಸೆ ಎಣ್ಣೆ ಹಚ್ಚಿ. ಈ ಹೆಜ್ಜೆ ಬಿಟ್ಟರೆ ಒಣ ಮರ ಪುಟ್ಟಿಯ ಎಣ್ಣೆಯನ್ನು ಹೀರಿಬಿಡುತ್ತದೆ, ವರ್ಷ ತುಂಬುವುದರೊಳಗೆ ಮತ್ತೆ ಬಿರುಕು. ಗಾಜಿನ ಹಿಂದೆಯೂ 2 ಮಿ.ಮೀ. ಪುಟ್ಟಿಯ ಹಾಸು ಇರಲಿ. ಗಾಜು ನೇರವಾಗಿ ಮರಕ್ಕೆ ತಾಗಬಾರದು. ಬಣ್ಣ ಹಚ್ಚಲು ಪುಟ್ಟಿಯ ಮೇಲೆ ತೊಗಟೆ ಕಟ್ಟುವವರೆಗೆ, ಒಂದೆರಡು ವಾರವಾದರೂ ಕಾಯಿರಿ. ಬಣ್ಣ ಗಾಜಿನ ಮೇಲೂ 1–2 ಮಿ.ಮೀ. ಹತ್ತಿ ಬಂದರೆ ಅಂಚಿನಲ್ಲಿ ನೀರಿಳಿಯದು.

ಕಂಬಿಗಳು ತೂತಿನಲ್ಲಿ ಅಲ್ಲಾಡುತ್ತಿದ್ದರೆ ಬುಡಕ್ಕೆ ಒಂದು ಹನಿ ಸಿಲಿಕಾನ್ ಸಾಕು.

ಲಕ್ಷಣ: ಸಂದೆಲ್ಲ ಮುಚ್ಚಿದೆ, ಗುಡುಗು ಮಾತ್ರ ಹೋಗಿಲ್ಲ

ಸಂದು ಮುಚ್ಚಿದಾಗ ಮೊದಲು ಸಾಯುವುದು ಏರು ಸ್ವರ. ಉಳಿದ ತಗ್ಗು ಸ್ವರ ಮೊದಲಿಗಿಂತ ಹೆಚ್ಚಾದಂತೆ ಕೂಡ ಅನಿಸಬಹುದು. ಅದನ್ನು ಮರೆಮಾಡುತ್ತಿದ್ದ ಸದ್ದು ಈಗಿಲ್ಲ, ಅಷ್ಟೇ. ಈಗ ಗಾಜಿನ ತೂಕದ ವಿಚಾರಕ್ಕೆ ಬರಬಹುದು.

ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. ತೂಗುತ್ತದೆ. ತೂಕ ಇಮ್ಮಡಿಯಾದರೆ ಸಿಗುವ ಲಾಭ ಹೆಚ್ಚೆಂದರೆ 5–6 ಡೆಸಿಬೆಲ್, ನಿಜವಾದ ಕಿಟಕಿಯಲ್ಲಿ ಇನ್ನೂ ಕಡಿಮೆ. ಜೊತೆಗೆ ಪ್ರತಿ ದಪ್ಪದ ಗಾಜಿಗೂ ಒಂದು ದುರ್ಬಲ ಸ್ವರ ಇರುತ್ತದೆ, ಆ ಸ್ವರಕ್ಕೆ ಗಾಜು ತಾನೇ ಅಲೆಯಾಗಿ ಬಾಗಿ ಸದ್ದನ್ನು ಸಲೀಸಾಗಿ ದಾಟಿಸುತ್ತದೆ. 12,000ವನ್ನು ಮಿ.ಮೀ. ದಪ್ಪದಿಂದ ಭಾಗಿಸಿದರೆ ಸರಿಸುಮಾರು ಆ ಸ್ವರ ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಅದುರು ಎಂಬ ಲೆಕ್ಕ) ಸಿಗುತ್ತದೆ: 4 ಮಿ.ಮೀ. ಗಾಜಿಗೆ 3,000, 6ಕ್ಕೆ 2,000. ಲ್ಯಾಮಿನೇಟೆಡ್ ಗಾಜಿನ ನಡುವಿನ ಮೆದು ಪದರ ಈ ಬಾಗುವಿಕೆಯನ್ನು ತಣಿಸುತ್ತದೆ. ಅದಕ್ಕೇ 6 ಮಿ.ಮೀ. ಸಾದಾ ಗಾಜಿಗಿಂತ 3 ಮಿ.ಮೀ.ನ ಎರಡು ಹಾಳೆ ಸೇರಿಸಿದ ಲ್ಯಾಮಿನೇಟೆಡ್ ಗಾಜನ್ನೇ ಆರಿಸಿ. ಒಡೆದರೂ ಚೂರು ಉದುರುವುದಿಲ್ಲ ಎಂಬುದು ಇನ್ನೊಂದು ಲಾಭ.

ಆದರೆ ಹಳೆ ಬಾಗಿಲು ಈ ಭಾರ ಹೊರಬೇಕು. 0.6 × 1.2 ಮೀಟರ್ ಬಾಗಿಲಿನ 3 ಮಿ.ಮೀ. ಗಾಜು 5.4 ಕೆ.ಜಿ. ಇದ್ದದ್ದು ಈಗ 11 ಕೆ.ಜಿ. ಆಗುತ್ತದೆ. ಎರಡು ಕೀಲಿನ ಬಾಗಿಲಿಗೆ ಮೂರನೆಯದನ್ನು ಸೇರಿಸಿ, ತುಕ್ಕು ಹಿಡಿದ ಸ್ಕ್ರೂ ತೆಗೆದು ಉದ್ದನೆಯದು ಹಾಕಿ. ಇಲ್ಲದಿದ್ದರೆ ಬಾಗಿಲು ಜಗ್ಗಿ, ಕೂರಿಸಿದ ರಬ್ಬರೆಲ್ಲ ಒಂದು ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ. ಕಚ್ಚಿನ ಆಳ ಸಾಲುತ್ತದೆಯೇ ಎಂಬುದನ್ನೂ ಗಾಜು ಕೊಯ್ಸುವ ಮೊದಲೇ ನೋಡಿಕೊಳ್ಳಿ. ಲ್ಯಾಮಿನೇಟೆಡ್ ಗಾಜಿನ ಅಂಚಿಗೆ ವಿನೆಗರ್ ವಾಸನೆಯ ಸಿಲಿಕಾನ್ ಹಾಕಬಾರದು, ಅದರ ಆಮ್ಲ ನಡುಪದರವನ್ನು ಕೆಡಿಸುತ್ತದೆ. ನ್ಯೂಟ್ರಲ್ ಸಿಲಿಕಾನ್ ಎಂದೇ ಕೇಳಿ ತನ್ನಿ.

ಲಕ್ಷಣ: ಜೋಡಿ ಗಾಜು ಹಾಕಿಸಿದರೂ ಉಪಯೋಗವಾಗಿಲ್ಲ

ಇದಕ್ಕೆ ಕಾರಣ ಎರಡು ಗಾಜುಗಳ ನಡುವಿನ ಗಾಳಿ. ಅದು ಸ್ಪ್ರಿಂಗಿನಂತೆ ವರ್ತಿಸುತ್ತದೆ, ಎರಡೂ ಗಾಜು ಅದರ ಮೇಲೆ ಕುಣಿಯುತ್ತವೆ. ಎರಡೂ 4 ಮಿ.ಮೀ. ಇದ್ದು ನಡುವೆ 12 ಮಿ.ಮೀ. ಇದ್ದರೆ ಈ ಕುಣಿತ ಸುಮಾರು 245 ಹರ್ಟ್ಸ್‌ನಲ್ಲಿ ಬರುತ್ತದೆ, ರಸ್ತೆಯ ಗುಡುಗಿಗೆ ತೀರಾ ಹತ್ತಿರ. ಆ ಸ್ವರದ ಆಸುಪಾಸಿನಲ್ಲಿ ಜೋಡಿ ಗಾಜು ಒಂಟಿ ಗಾಜಿಗಿಂತಲೂ ಕೆಟ್ಟದಾಗಿ ತಡೆಯುತ್ತದೆ. ಅದೇ ಎರಡು ಗಾಜುಗಳನ್ನು 100 ಮಿ.ಮೀ. ದೂರ ಇಟ್ಟರೆ ಕುಣಿತ 85 ಹರ್ಟ್ಸ್‌ಗೆ ಇಳಿದು, ಅದಕ್ಕಿಂತ ಮೇಲಿನದಕ್ಕೆಲ್ಲ ಒಳ್ಳೆಯ ತಡೆ ಸಿಗುತ್ತದೆ. ಕಿರಿದಾದ ಜೋಡಿ ಗಾಜು ಬಿಸಿಲು, ಚಳಿ ತಡೆಯಲೆಂದು ಹುಟ್ಟಿದ್ದು. ಈಗಾಗಲೇ ಹಾಕಿಸಿದ್ದರೆ ಒಂದು ಬದಿಯ ಗಾಜನ್ನಾದರೂ ದಪ್ಪದ ಲ್ಯಾಮಿನೇಟೆಡ್ ಇರುವ ಜೋಡಿಗೆ ಬದಲಿಸಬಹುದು. ಆದರೆ ಅಷ್ಟು ಖರ್ಚು ಮಾಡುವ ಬದಲು ಒಳಬದಿಗೆ ಇನ್ನೊಂದು ಕಿಟಕಿ ನಿಲ್ಲಿಸುವುದೇ ಮೇಲು.

ಒಳಬದಿಯ ಎರಡನೇ ಕಿಟಕಿ

ಹಳೆ ಮನೆಗಳ ದಪ್ಪ ಗೋಡೆ ಇಲ್ಲಿ ವರವಾಗುತ್ತದೆ. ಗಾಜಿನಿಂದ ಗಾಜಿಗೆ 100 ಮಿ.ಮೀ. ಕನಿಷ್ಠ, ಜಾಗವಿದ್ದರೆ 150ರಿಂದ 200. ಹೊರಗಿನ ಗಾಜು 4 ಮಿ.ಮೀ. ಇದ್ದರೆ ಒಳಗಿನದು 6 ಮಿ.ಮೀ. ಲ್ಯಾಮಿನೇಟೆಡ್ ಇರಲಿ, ದಪ್ಪ ಒಂದೇ ಆದರೆ ಎರಡರ ದುರ್ಬಲ ಸ್ವರವೂ ಒಂದೇ ಆಗುತ್ತದೆ.

ಒಳ ಚೌಕಟ್ಟನ್ನು ಹಳೆ ಚೌಕಟ್ಟಿಗೆ ಸ್ಕ್ರೂ ಹಾಕಿ ಜೋಡಿಸಬೇಡಿ. ಹಾಗೆ ಮಾಡಿದರೆ ಹೊರಗಿನದರ ಅದುರು ಮರದ ಮೂಲಕವೇ ಒಳಕ್ಕೆ ಬರುತ್ತದೆ. ಗೋಡೆಯ ಪಕ್ಕೆಗೇ ಕೂರಿಸಿ, ಅಡಿಯಲ್ಲಿ 3 ಮಿ.ಮೀ. ರಬ್ಬರ್ ಹಾಸು ಕೊಡಿ. ಎರಡು ಕಿಟಕಿಗಳ ನಡುವಿನ ಪಕ್ಕೆಗೋಡೆಗೆ 25 ಮಿ.ಮೀ. ರಾಕ್‌ವೂಲನ್ನು (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಹಾಸು) ಬಟ್ಟೆಯಲ್ಲಿ ಹೊದಿಸಿ ಅಂಟಿಸಿದರೆ ಗೂಡಿನೊಳಗೆ ಸದ್ದು ಪ್ರತಿಧ್ವನಿಸದೆ ಇಂಗುತ್ತದೆ. ತಳಕ್ಕೆ ಮಾತ್ರ ಬೇಡ, ಅಲ್ಲಿ ನೀರು ನಿಲ್ಲಬಹುದು.

ಗಾಜಿನ ಬದಲು ಅಕ್ರಿಲಿಕ್ ಹಾಕುವವರು ಲೆಕ್ಕ ಮರೆಯಬಾರದು: ಅದರ ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ. 4 ಮಿ.ಮೀ. ಗಾಜಿಗೆ ಸಮನಾಗಲು 8 ಮಿ.ಮೀ.ಗಿಂತ ತುಸು ದಪ್ಪದ ಅಕ್ರಿಲಿಕ್ ಬೇಕು.

ನಡುವೆ ಮಂಜು ಕಟ್ಟಿದರೆ ಒಳಗಿನ ಕಿಟಕಿ ಸೋರುತ್ತಿದೆ ಎಂದರ್ಥ. ಕೋಣೆಯ ತೇವದ ಗಾಳಿ ನುಸುಳಿ ತಣ್ಣನೆಯ ಹೊರಗಾಜಿನ ಮೇಲೆ ಹನಿಯುತ್ತದೆ. ಬಿಗಿ ಹೆಚ್ಚಾಗಿರಬೇಕಾದದ್ದು ಒಳಗಿನದು. ಮತ್ತು ಅದು ತೆರೆಯುವಂತಿರಲೇಬೇಕು: ಒರೆಸಲು ಬೇಕು, ಬೆಂಕಿ ಬಿದ್ದರೆ ಹೊರಬೀಳಲೂ ಬೇಕು. ಮಲಗುವ ಕೋಣೆಯಲ್ಲಿ ಸ್ಕ್ರೂ ಬಿಗಿದು ಶಾಶ್ವತವಾಗಿ ಮುಚ್ಚುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಜಾರು ಕಿಟಕಿ, ಪಟ್ಟಿ ಗಾಜಿನ ಕಿಟಕಿ

ಅಲ್ಯೂಮಿನಿಯಂ ಜಾರು ಕಿಟಕಿಯ ಬ್ರಷ್ ಪಟ್ಟಿ ಸವೆದಿದ್ದರೆ ಎಳೆದು ತೆಗೆದು, ಅದೇ ಅಗಲದ, ನಡುವೆ ಪ್ಲಾಸ್ಟಿಕ್ ಹಾಳೆಯಿರುವ ಹೊಸ ಪಟ್ಟಿ ತೂರಿಸಿ. ಹೊಸದಾದರೂ ಬ್ರಷ್ ಎಂದೂ ರಬ್ಬರಿನಷ್ಟು ಬಿಗಿಯಲ್ಲ. ಕೆಳಹಳಿಯ ನೀರು ಹೋಗುವ ಸಣ್ಣ ತೂತುಗಳನ್ನು ಮುಚ್ಚಿದರೆ ಮಳೆನೀರು ಕೋಣೆಯೊಳಕ್ಕೇ ಬರುತ್ತದೆ. ಒಂದರ ಮೇಲೊಂದು ಒರಗುವ ಗಾಜಿನ ಪಟ್ಟಿಗಳ ಕಿಟಕಿಯನ್ನು ಸರಿಪಡಿಸಲು ಹೊರಡಬೇಡಿ. ಪ್ರತಿ ಪಟ್ಟಿಗೂ ಒಂದು ಸಂದು. ಬದಲಿಸಿ, ಇಲ್ಲವೇ ಒಳಗೆ ಎರಡನೇ ಕಿಟಕಿ ನಿಲ್ಲಿಸಿ.

ಪರದೆ, ಫೋಮ್ ಹಾಳೆ

ದಪ್ಪ ಪರದೆ ಕೋಣೆಯ ಪ್ರತಿಧ್ವನಿ ಇಳಿಸುತ್ತದೆ, ಏರು ಸ್ವರವನ್ನು ತುಸು ಮಂಕು ಮಾಡುತ್ತದೆ. ಗುಡುಗಿಗೆ ಅದರಿಂದ ಏನೂ ಆಗದು. ಧ್ವನಿಮುದ್ರಣ ಕೋಣೆಗಳಲ್ಲಿ ಕಾಣುವ ಮೊಟ್ಟೆ ತಟ್ಟೆಯಾಕಾರದ ಫೋಮ್, ಗುಳ್ಳೆ ಪ್ಲಾಸ್ಟಿಕ್ ಎರಡಕ್ಕೂ ತೂಕವಿಲ್ಲ. ಕಿಟಕಿಗೆ ಅಂಟಿಸಿ ಬೆಳಕು ಕಳೆದುಕೊಳ್ಳಬೇಡಿ.

ಗಾಳಿ ಎಲ್ಲಿಂದ ಬರುತ್ತದೆ?

ಇದು ಸದ್ದಿಗಿಂತ ದೊಡ್ಡ ಮಾತು. ಗ್ಯಾಸ್ ಒಲೆ, ಗ್ಯಾಸ್ ಗೀಸರ್, ಕೆಂಡ ಅಥವಾ ಹೊಗೆಕೊಳವೆಯಿಲ್ಲದ ಹೀಟರ್ ಇರುವ ಕೋಣೆಯನ್ನು ಬಿಗಿ ಮಾಡಬೇಡಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಬೇರೆ ಕೋಣೆಗಳಲ್ಲೂ ವೆಂಟಿಲೇಟರನ್ನು ಮುಚ್ಚುವ ಬದಲು ಅದರ ಒಳಬಾಯಿಗೆ ಮರದ ಪೆಟ್ಟಿಗೆ ಕೂರಿಸಿ: ಒಳಗೋಡೆಗೆಲ್ಲ 25 ಮಿ.ಮೀ. ರಾಕ್‌ವೂಲ್ ಹೊದಿಸಿ, ಗಾಳಿ ಎರಡು ಕಡೆ ತಿರುಗಿ ಬರುವಂತೆ ಅಡ್ಡಹಲಗೆ ಇಡಿ. ಗಾಳಿ ತಿರುಗಿ ಬರುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ರಾಕ್‌ವೂಲಿಗೆ ಬಡಿದು ಇಂಗುತ್ತದೆ. ದಾರಿ ಎಲ್ಲಿಯೂ ಮೂಲ ತೂತಿಗಿಂತ ಕಿರಿದಾಗದಿರಲಿ.

ಕೆಲವು ತಿಂಗಳ ನಂತರ ಸದ್ದು ಮತ್ತೆ ಹೆಚ್ಚಿದರೆ

ಮೊದಲು ರಬ್ಬರ್ ಮುಟ್ಟಿ ನೋಡಿ. ಒತ್ತಿ ಬಿಟ್ಟಾಗ ಪುಟಿದೇಳದಿದ್ದರೆ ಅದರ ಕಾಲ ಮುಗಿದಿದೆ. ಬಣ್ಣ ಬಳಿಯುವವರು ರಬ್ಬರಿನ ಮೇಲೂ ಬಳಿದುಬಿಟ್ಟಿರುತ್ತಾರೆ, ಅದು ಗಟ್ಟಿಯಾಗಿ ಬಿರಿಯುತ್ತದೆ. ಬಣ್ಣಕ್ಕೆ ಮುಂಚೆ ಟೇಪ್ ಸುತ್ತುವಂತೆ ಹೇಳಿ. ರಬ್ಬರ್ ಚೆನ್ನಾಗಿದ್ದರೆ ಕೀಲಿನ ಸ್ಕ್ರೂ ಬಿಗಿದು, ಚಿಲಕದ ಬಾಯಿಯನ್ನು 1–2 ಮಿ.ಮೀ. ಒಳಕ್ಕೆ ಸರಿಸಿ, ಕಾಗದದ ಪರೀಕ್ಷೆಯನ್ನು ಮೇಲಿನ ಮೂಲೆಯಿಂದ ಮತ್ತೆ ಶುರುಮಾಡಿ. ಬಾಗಿಲು ಜಗ್ಗಿದ್ದರೆ ಮೊದಲು ಸಡಿಲವಾಗುವುದು ಅಲ್ಲೇ.